ಬಿದನೂರಿನ ಆಸರೆ: ಕೆಳದಿಯ ಚೆನ್ನಮ್ಮಾಜಿ ಮತ್ತು ಕರಾವಳಿಯ ಧರ್ಮಸಭೆ

ಸಂತ ಜೋಸೆಫ್ ವಾಜರ ಸ್ಮರಣೆಗಾಗಿ ಮುಡಿಪುವಿನ ಗುಡ್ಡವನ್ನು ಏರುವ ನಮ್ಮ ಗುರುಗಳೂ ಗುರು ಅಭ್ಯರ್ಥಿಗಳೂ ಘಟ್ಟ ಹತ್ತಿ ಹೊಸನಗರ ತಾಲ್ಲೂಕಿನ ನಗರದ ಕೋಟೆಯವರೆಗೆ ಹೋಗುವುದು ಅಪರೂಪ. ಹೋದವರೂ ಪ್ರವಾಸಿಗಳಾಗಿ ಹೋಗುತ್ತಾರೆ. ಧರ್ಮಸಭೆಯ ಚರಿತ್ರೆಗೆ ಅಲ್ಲಿ ಏನಾದರೂ ಸಂಬಂಧವಿದೆಯೆಂದು ಭಾವಿಸುವುದಿಲ್ಲ. ಆದರೆ 1681ರಲ್ಲಿ ವಾಜರು ಗೋವೆಯಿಂದ ಇಳಿದು ಬಂದಾಗ ಅವರು ಕಾಲಿಟ್ಟದ್ದು ಪೋರ್ಚುಗೀಸರ ನೆಲದ ಮೇಲಲ್ಲ. ಬಸರೂರು, ಕಲ್ಯಾಣಪುರ, ಮಂಗಳೂರುಗಳೆಲ್ಲ ಆಗ ನಗರದ, ಅಂದರೆ ಅಂದಿನ ಬಿದನೂರಿನ, ಅಧೀನದಲ್ಲಿದ್ದವು. ಬಿದನೂರಿನ ಗದ್ದುಗೆಯಲ್ಲಿದ್ದವಳು ವೀರಶೈವ ಮತದ ವಿಧವೆ ರಾಣಿ ಚೆನ್ನಮ್ಮಾಜಿ.

ಕೆಳದಿಯ ಅರಸುಮನೆತನದ ಕತೆ ನಮ್ಮ ಓದುಗರಿಗೆ ತಿಳಿದದ್ದೇ. ಸಾಗರದ ಸಮೀಪದ ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಯಲ್ಲಿ ಬೆಳೆದು, ಹದಿನೇಳನೆಯ ಶತಮಾನದ ನಡುವಿನ ಹೊತ್ತಿಗೆ ಬಿದನೂರಿನಲ್ಲಿ ನೆಲೆನಿಂತ ರಾಜ್ಯವದು. ನಮ್ಮ ಧರ್ಮಸಭೆಯ ಚರಿತ್ರೆಗಳಲ್ಲಿ ಈ ವಂಶದ ಶಿವಪ್ಪನಾಯಕನು ಬಹುಮಟ್ಟಿಗೆ ಶತ್ರುವಾಗಿಯೇ ಕಾಣಿಸಿಕೊಳ್ಳುತ್ತಾನೆ. 1652ರಿಂದ 1654ರೊಳಗೆ ಅವನು ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡದ್ದು ನಿಜ. ಕೋಟೆಯ ನೆರಳಿನಲ್ಲಿದ್ದ ದೇವಾಲಯಗಳಿಗೆ ಪೆಟ್ಟು ಬಿದ್ದದ್ದೂ ನಿಜ. ಆದರೆ ಅವನು ಹೋರಾಡಿದ್ದು ಅಕ್ಕಿ ಮತ್ತು ಮೆಣಸಿನ ವ್ಯಾಪಾರವನ್ನು ಹಿಡಿದಿಟ್ಟಿದ್ದ ಬಂದೂಕಿನೊಡನೆಯೇ ಹೊರತು ಶಿಲುಬೆಯೊಡನೆ ಅಲ್ಲವೆಂಬುದು ಅವನ ಸೊಸೆಯ ಕಾಲಕ್ಕೆ ಸ್ಪಷ್ಟವಾಗುತ್ತದೆ.

ಶಿವಪ್ಪನಾಯಕನ ಮಗ ಸೋಮಶೇಖರನಾಯಕನ ಅಂತ್ಯ ದಾರುಣವಾಗಿತ್ತು. ಚಿತ್ತಸ್ವಾಸ್ಥ್ಯ ಕಳೆದುಕೊಂಡಿದ್ದ ಅರಸನು ಕೊಲೆಯಾದ. ಬಿಜಾಪುರದ ಸೇನೆ ಬಿದನೂರಿನ ಮೇಲೆ ಬಿದ್ದಿತು. ಆಗ ಮಕ್ಕಳಿಲ್ಲದ ಈ ವಿಧವೆ ಬೊಕ್ಕಸದೊಡನೆ ಭುವನಗಿರಿ ದುರ್ಗವನ್ನು ಸೇರಿಕೊಂಡಳೆಂದು ಕೆಳದಿಯ ಇತಿಹಾಸ ಹೇಳುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವೇ ಅದು. ಒಂದರ ಮೇಲೊಂದು ಸುತ್ತಿಕೊಂಡ ಅದರ ಕಲ್ಲಿನ ಗೋಡೆಗಳ ನಡುವೆ ಮಳೆಗಾಲದಲ್ಲಿ ನಡೆದವರಿಗೆ, ಅಲ್ಲಿ ತಲೆಮರೆಸಿಕೊಂಡವಳ ದಿನಗಳು ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಅಲ್ಲಿಂದ ಮರಳಿ ಬಂದು ಇಪ್ಪತ್ತೈದು ವರ್ಷಗಳ ಕಾಲ ರಾಜ್ಯವಾಳಿದ ಅವಳು, ಆಶ್ರಯ ಕೊಡುವ ಮೊದಲು ತಾನೇ ಆಶ್ರಯ ಹುಡುಕಿ ಹೋಗಿದ್ದವಳು.

1678ರಲ್ಲಿ ಬಿದನೂರಿಗೂ ಗೋವೆಗೂ ಒಪ್ಪಂದವಾಯಿತು. ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ವ್ಯಾಪಾರದ ಕೋಠಿ ದೊರೆಯಿತು. ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಕ್ರೈಸ್ತ ದೇವಾಲಯಗಳನ್ನು ಕಟ್ಟಿಕೊಳ್ಳಲು ಅನುಮತಿ ದೊರೆಯಿತು. ರಾಣಿಗೆ ಇದರಲ್ಲಿ ಲಾಭವಿತ್ತು. ಗೋವೆ ಉಣ್ಣುತ್ತಿದ್ದದ್ದು ಅವಳ ಕರಾವಳಿಯ ಅಕ್ಕಿಯನ್ನು, ಗೋವೆಯಿಂದ ಬಂದು ನೆಲೆಸಿದ ಕ್ರೈಸ್ತ ಒಕ್ಕಲುಗಳು ಒಳ್ಳೆಯ ಬೇಸಾಯಗಾರರು. ಈ ಲೆಕ್ಕಾಚಾರವನ್ನು ಮುಚ್ಚಿಟ್ಟು ಅವಳನ್ನು ಬರಿಯ ಉದಾರಿಯಾಗಿ ಚಿತ್ರಿಸುವುದು ಚರಿತ್ರೆಯಲ್ಲ. ಹಾಗೆಂದು ಎಲ್ಲವನ್ನೂ ಅಕ್ಕಿಯ ಲೆಕ್ಕಕ್ಕೇ ಇಳಿಸುವುದನ್ನೂ ನಾನು ಒಪ್ಪಲಾರೆ. ಜಂಗಮರಿಗೆ ಮಠಗಳನ್ನು ಕಟ್ಟಿಸಿ, ದಾಸೋಹವನ್ನೇ ಧರ್ಮವೆಂದು ನಂಬಿದ ಮನೆತನವದು. ಶೃಂಗೇರಿಯ ಮಠಕ್ಕೂ ದತ್ತಿ ಬಿಟ್ಟ ಮನೆತನ. ಬಾಗಿಲಿಗೆ ಬಂದವರ ಮತವನ್ನು ಮೊದಲು ಕೇಳದಿರುವುದು ಅಲ್ಲಿ ರೂಢಿಯಾಗಿತ್ತು.

ಹೀಗೆ ದೊರೆತ ನೆಲದಲ್ಲಿ ನಾವು ಮಾಡಿದ್ದೇನು? ಹೇಳಲು ಸಂಕೋಚವಾಗುತ್ತದೆ. ಪೋರ್ಚುಗಲ್ಲಿನ ದೊರೆಗೆ ಪೋಪರು ಹಿಂದೆ ಕೊಟ್ಟಿದ್ದ ಪದ್ರುವಾದೋ ಎಂಬ ಪೋಷಕಾಧಿಕಾರ ಒಂದು ಕಡೆ, 1622ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಪ್ರೊಪಗಾಂಡ ಸಂಸ್ಥೆ ಇನ್ನೊಂದು ಕಡೆ. ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರ ಅಧಿಕಾರವನ್ನು ಗೋವೆ ಮಾನ್ಯಮಾಡಲಿಲ್ಲ. ಗೋವೆಯ ಮೂಲದವರೇ ಆದ ಆ ಧರ್ಮಾಧ್ಯಕ್ಷರ ಪಕ್ಷದವರು ಕೆಲವರು, ಎದುರು ಪಕ್ಷದವರು ಕೆಲವರು ಎಂದು ವಿಶ್ವಾಸಿಗಳು ಒಡೆದರು. ಯಾರ ಕೈಯಿಂದ ಸಂಸ್ಕಾರ ಪಡೆಯಬೇಕೆಂಬುದೇ ಸಾಮಾನ್ಯ ಜನರಿಗೆ ಸಂಕಟವಾಯಿತು. ವಾಜರು ಬಂದದ್ದು ಈ ಕಲಹದ ನಡುವಿಗೆ. ವಾದಕ್ಕಿಂತ ಹೆಚ್ಚಾಗಿ ಅವರು ಊರೂರು ಅಲೆದು ದೇವಾಲಯಗಳನ್ನೂ ಶಾಲೆಗಳನ್ನೂ ಎತ್ತಿ ನಿಲ್ಲಿಸಿದರು. 1684ರಲ್ಲಿ ಗೋವೆಗೆ ಮರಳಿದರು. ದೆ ಕಾಸ್ತ್ರೊ ಅವರು ತೀರಿಕೊಂಡದ್ದೂ ಅದೇ ವರ್ಷ. ಅನ್ಯಮತದ ರಾಣಿಯೊಬ್ಬಳು ಕ್ರೈಸ್ತರಿಗೆ ಕೊಟ್ಟ ನೆಮ್ಮದಿಯನ್ನು ಕ್ರೈಸ್ತರು ಪರಸ್ಪರ ಕೊಡಲಾರದೆ ಹೋದರು.

ಆ ದಶಕದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಎರಡು ಘಟನೆಗಳನ್ನು ಜೊತೆಗಿಟ್ಟು ನೋಡುವವರು ಕಡಿಮೆ. 1683ರಲ್ಲಿ ಮರಾಠರ ಸಂಭಾಜಿಯು ಗೋವೆಯ ಮೇಲೆ ದಂಡೆತ್ತಿದಾಗ ಸಾಷ್ಟಿ ಮತ್ತು ಬಾರ್ದೇಶಗಳು ಸೂರೆಯಾದವು. ಅಲ್ಲಿಂದ ಓಡಿದ ಅನೇಕ ಕ್ರೈಸ್ತ ಕುಟುಂಬಗಳು ದಕ್ಷಿಣಕ್ಕೆ, ಚೆನ್ನಮ್ಮಾಜಿಯ ಸೀಮೆಗೆ ಬಂದು ನೆಲೆಸಿದವು. ಆರು ವರ್ಷ ಕಳೆಯಿತು. 1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದ. ಅವನ ತಮ್ಮ ರಾಜಾರಾಮನು ವೇಷ ಮರೆಸಿಕೊಂಡು ಜಿಂಜಿಯ ಕಡೆಗೆ ಹೊರಟವನು ಬಿದನೂರಿಗೆ ಬಂದ. ಮೊಗಲರ ಸೇನೆ ಬೆನ್ನಟ್ಟಿ ಬರುವುದೆಂದು ತಿಳಿದೂ ರಾಣಿ ಅವನನ್ನು ಕಾಪಾಡಿ ದಾಟಿಸಿದಳು. ಸೇನೆ ಬಂದಾಗ ಎದುರಿಸಿದಳು. ಕೆಳದಿಯ ದೇವಾಲಯದ ಧ್ವಜಸ್ತಂಭದಲ್ಲಿ ಕೆತ್ತಿದ ಆಕೃತಿಗಳನ್ನು ಚೆನ್ನಮ್ಮಾಜಿ ಮತ್ತು ರಾಜಾರಾಮರದೆಂದು ಊರವರು ಇಂದಿಗೂ ತೋರಿಸುತ್ತಾರೆ. ಅಣ್ಣನ ದಾಳಿಗೆ ಬೆದರಿ ಬಂದವರೂ, ಅದೇ ಅಣ್ಣನನ್ನು ಕಳೆದುಕೊಂಡು ಬಂದ ತಮ್ಮನೂ ಒಬ್ಬಳೇ ರಾಣಿಯ ಸೂರಿನಡಿ ಉಳಿದುಕೊಂಡರು.

ಈಕೆಯನ್ನು ನಮ್ಮ ದೈವಶಾಸ್ತ್ರದಲ್ಲಿ ಎಲ್ಲಿ ಇರಿಸೋಣ? ಅರಿಯದೆಯೇ ಕ್ರೈಸ್ತಳಾಗಿದ್ದಳೆಂದು ಹೇಳಿ ಅವಳಿಗೆ ಮರಣಾನಂತರ ಸ್ನಾನದೀಕ್ಷೆ ಕೊಡುವ ಅಭ್ಯಾಸ ನನಗೆ ಹಿಡಿಸದು. ಅವಳು ಕೊನೆಯವರೆಗೂ ಶಿವಭಕ್ತೆ. ಮಾಡಿದ್ದೆಲ್ಲವನ್ನೂ ಆ ಭಕ್ತಿಯೊಳಗಿಂದಲೇ ಮಾಡಿದಳು. ಸರೆಪ್ತದ ವಿಧವೆ ಎಲೀಯನಿಗೆ ರೊಟ್ಟಿ ಸುಟ್ಟುಕೊಟ್ಟಾಗ ಅವಳೂ ಇಸ್ರಯೇಲಿನವಳಾಗಿರಲಿಲ್ಲ. ಯೇಸುಸ್ವಾಮಿ ನಜರೇತಿನ ಪ್ರಾರ್ಥನಾಮಂದಿರದಲ್ಲಿ ಆ ವಿಧವೆಯನ್ನು ಹೆಸರಿಸಿದಾಗ ಕೇಳುಗರಿಗೆ ಸಿಟ್ಟು ಬಂದದ್ದು, ಕೊಡುವವರು ನಾವು, ಪಡೆಯುವವರು ಹೊರಗಿನವರು ಎಂಬ ಅವರ ಲೆಕ್ಕ ತಲೆಕೆಳಗಾದುದರಿಂದ. ನಮ್ಮ ಸೆಮಿನರಿಗಳಲ್ಲಿ ಧರ್ಮಸಭೆಯ ಚರಿತ್ರೆಯನ್ನು ಬಹುಕಾಲ ಹೀಗೆಯೇ, ಕೊಟ್ಟವರ ಕತೆಯಾಗಿಯೇ ಓದಿಸಿದ್ದೇವೆ.

ವಾಜರು ಮಾತ್ರ ಪಡೆಯುವವರ ಸ್ಥಾನದಲ್ಲಿ ನಿಲ್ಲಲು ಹಿಂಜರಿಯಲಿಲ್ಲ. ಗೋವೆಗೆ ಮರಳಿದ ಮೂರು ವರ್ಷಗಳ ಬಳಿಕ ಅವರು ಭಿಕಾರಿಯ ವೇಷದಲ್ಲಿ ಲಂಕೆಗೆ ದಾಟಿದರು. ಅಲ್ಲಿ ಕಥೋಲಿಕರ ಆರಾಧನೆಯನ್ನು ನಿಷೇಧಿಸಿದ್ದವರು ಕ್ರೈಸ್ತರೇ ಆದ ಡಚ್ಚರು. ಅವರು 1692ರಲ್ಲಿ ಬೌದ್ಧ ಅರಸನ ಕ್ಯಾಂಡಿಗೆ ಹೋದಾಗ ಗೂಢಚಾರನೆಂಬ ಶಂಕೆಯಿಂದ ಸೆರೆಗೆ ಬಿದ್ದರು. ಶಂಕೆ ಕರಗಿದ ಮೇಲೆ ಅದೇ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ರಕ್ಷಣೆ ಕೊಟ್ಟ. 1711ರ ಜನವರಿ 16ರಂದು ವಾಜರು ಕಣ್ಣುಮುಚ್ಚಿದ್ದು ಅದೇ ಕ್ಯಾಂಡಿಯಲ್ಲಿ.