ಮೊಣಕಾಲ ಕೆಳಗಿನ ಒಂದು ಚುಕ್ಕೆ

"ಚೀನಾದಲ್ಲಿ ಒಬ್ಬ ಅಮೆರಿಕನ್ ಪತ್ರಕರ್ತನಿಗೆ ಅರಿವಳಿಕೆ ಇಲ್ಲದೆ, ಬರೀ ಸೂಜಿ ಚುಚ್ಚಿ ಆಪರೇಷನ್ ಮಾಡಿದ್ರಂತೆ!" ಈ ಕಥೆಯನ್ನು ನಾನೇ ಹಿಂದೊಮ್ಮೆ ಅಮ್ಮನಿಗೆ ಹೇಳಿದ್ದೆ. ಮೊನ್ನೆ ಅಮ್ಮ ಫೋನಿನಲ್ಲಿ, "ನನ್ನ ಮಂಡಿ ನೋವಿಗೂ ಸೂಜಿ ಚುಚ್ಚಿಸಿಕೊಳ್ಳಲೇನೋ?" ಅಂದಳು. ಆಗ ಭಯವಾಯ್ತು.. ನಾನು ಹೇಳಿದ್ದು ನಿಜವೇ?

ಹುಡುಕಿದೆ. ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್‌ಗೆ 1971ರ ಜುಲೈನಲ್ಲಿ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಗಿದ್ದು ನಿಜ. ಆದರೆ ಆಗಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ! ಮರುದಿನ ರಾತ್ರಿ ಹೊಟ್ಟೆ ಉಬ್ಬರದಿಂದ ಒದ್ದಾಡುವಾಗ ಬಲ ಮೊಣಕೈಗೆ, ಎರಡೂ ಮೊಣಕಾಲ ಕೆಳಗೆ ಸೂಜಿ ಹಾಕಿದರು. ಒಂದು ಗಂಟೆಯೊಳಗೆ ಹಗುರಾಯಿತು ಅಂತ ಅವನೇ ಬರೆದ. 1972ರಲ್ಲಿ ನಿಕ್ಸನ್ ಚೀನಾಕ್ಕೆ ಹೋದ ಮೇಲಂತೂ ಅಮೆರಿಕದಲ್ಲಿ ಸೂಜಿಯದ್ದೇ ಮಾತು. ಬಾಯಿಂದ ಬಾಯಿಗೆ ಹೋಗುತ್ತಾ ಸೂಜಿಯೇ ಅರಿವಳಿಕೆಯಾಯಿತು.

ಮೊಣಕಾಲ ಕೆಳಗೆ, ಹೊಟ್ಟೆಯ ತೊಂದರೆಗೆ ಹೆಸರಾದ ಜಾಗವೆಂದರೆ 'ಝುಸಾನ್‌ಲಿ'. ಚಿಪ್ಪಿನ ಕೆಳಗಿನ ತಗ್ಗಿನಿಂದ ಮೂರು 'ಚುನ್' ಕೆಳಗೆ, ಮುಂದಿನ ಮೂಳೆಯಿಂದ ಒಂದು ಬೆರಳಗಲ ಹೊರಕ್ಕೆ. ಒಂದು ಚುನ್ ಅಂದರೆ ರೋಗಿಯದೇ ಹೆಬ್ಬೆರಳಿನ ಅಗಲ, ಮೂರು ಚುನ್ ಅಂದರೆ ನಾಲ್ಕು ಬೆರಳಗಲ. ನಮ್ಮ ಆಯುರ್ವೇದದ ಅಂಗುಲದ ಹಾಗೆ, ಮೈಯೇ ಅಳತೆಗೋಲು! ಇಂಜಿನಿಯರ್ ಮನಸ್ಸಿಗೆ ಇದು ಬಹಳ ಇಷ್ಟವಾಯ್ತು.

ಜಪಾನಿನಲ್ಲಿ ಇದೇ ಜಾಗ 'ಸಾನ್‌ರಿ'. 1689ರಲ್ಲಿ ಕವಿ ಬಾಶೋ ಉತ್ತರದ ದೀರ್ಘ ನಡಿಗೆಗೆ ಹೊರಡುವ ಮುನ್ನ ಷರಾಯಿಗೆ ತೇಪೆ ಹಾಕಿ, ಟೋಪಿಯ ದಾರ ಬದಲಿಸಿ, ಸಾನ್‌ರಿಯ ಮೇಲೆ ಮೂಲಿಕೆ ಸುಟ್ಟು ಕಾಲಿಗೆ ಶಕ್ತಿ ತುಂಬಿಕೊಂಡನಂತೆ.

'ಸಾವಿರಾರು ವರ್ಷಗಳ ಅಖಂಡ ಪರಂಪರೆ' ಅಂತಾರಲ್ಲ, ಅದೂ ಪೂರ್ತಿ ನಿಜವಲ್ಲ. 1822ರಲ್ಲಿ ದಾವ್‌ಗುವಾಂಗ್ ಚಕ್ರವರ್ತಿ ತನ್ನ ಅರಮನೆಯ ವೈದ್ಯಶಾಲೆಯಿಂದಲೇ ಸೂಜಿ ವಿಭಾಗವನ್ನು ಹೊರಹಾಕಿದ. 1929ರಲ್ಲಿ ದೇಶೀ ವೈದ್ಯವನ್ನೇ ರದ್ದು ಮಾಡುವ ಪ್ರಸ್ತಾವ ಅಲ್ಲಿನ ಸರ್ಕಾರದಲ್ಲೇ ಬಂದಿತ್ತು. ಅದಕ್ಕೆ ಮತ್ತೆ ಮರ್ಯಾದೆ ಸಿಕ್ಕಿದ್ದು ಮಾವೋ ಕಾಲದಲ್ಲಿ.

ಹಾಗಂತ ಎಲ್ಲಾ ಬುರುಡೆ ಅನ್ನೋಕೂ ಆಗಲ್ಲ. 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಇಲಿಗಳ ಹಿಂಗಾಲಿನ ಈ ಜಾಗಕ್ಕೆ ಸೂಜಿಯ ಮೂಲಕ ಸಣ್ಣ ಕರೆಂಟ್ ಹರಿಸಿದಾಗ ನರದ ದಾರಿಯಲ್ಲಿ ಉರಿಯೂತ ಇಳಿಯಿತು. ಅದೇ ಕರೆಂಟ್ ಹೊಟ್ಟೆಗೆ ಕೊಟ್ಟರೆ ಇಳಿಯಲಿಲ್ಲ. ಆದರೆ ಅವು ಇಲಿಗಳು, ಅಮ್ಮನ ಮಂಡಿಯಲ್ಲ.

ರಾತ್ರಿ ಫೋನ್ ಮಾಡಿ, "ಅಮ್ಮಾ, ನಾನು ಹೇಳಿದ ಕಥೆ ತಪ್ಪು. ಮೊದಲು ಮೂಳೆ ಡಾಕ್ಟರಿಗೆ ತೋರಿಸೋಣ, ಸೂಜಿ ಆಮೇಲೆ ನೋಡೋಣ" ಅಂದೆ. "ನೀನು ಹೇಳಿದ್ದನ್ನ ಆಗಲೇ ಪಕ್ಕದ ಮನೆಯವರಿಗೂ ಹೇಳಿಬಿಟ್ಟಿದ್ದೀನಲ್ಲೋ" ಅಂದಳು!

ಕಥೆಗಳು ಹರಡೋದು ಹೀಗೇ ಅಲ್ವಾ? ನೀವೂ ಈ ಕಥೆ ಕೇಳಿದ್ರಾ?