ಐಬಿಎಸ್‌ಗೆ ಮೈಂಡ್‌ಫುಲ್‌ನೆಸ್ ಚಿಕಿತ್ಸೆ

ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಮರುಕಳಿಸುವ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂಬ ಕಾಯಿಲೆಯಲ್ಲಿ ದೇಹದ ಸಂವೇದನೆಗಳನ್ನು ಗಾಬರಿಯಿಲ್ಲದೆ ಗಮನಿಸಲು ಕಲಿಸುವ ಚಿಕಿತ್ಸೆ. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ತರಬೇತಿಯೇ ಇದರ ಮೂಲ. ಕಾಯಿಲೆ ಬರೀ ಮನಸ್ಸಿನದೆಂದು ಇದರ ಅರ್ಥವಲ್ಲ. ಕರುಳಿನ ನರಗಳಿಗೂ ಮಿದುಳಿಗೂ ಸದಾ ಸಂಪರ್ಕವಿದ್ದು, ಆತಂಕ ಹೆಚ್ಚಿದಾಗ ಕರುಳಿನ ಸಹಜ ಹಿಗ್ಗುವಿಕೆಯೂ ನೋವಾಗಿ ತಟ್ಟಬಹುದು. ತರಬೇತಿ ಗುಂಪಿನಲ್ಲಿ ನಡೆಯುವುದರಿಂದ, ಜೊತೆಗೆ ಕುಳಿತು ಕಷ್ಟ ಹೇಳಿಕೊಂಡದ್ದರಿಂದಲೇ ಗುಣ ಕಂಡಿತೆಂಬ ಆಕ್ಷೇಪವೂ ಇದೆ. ಅದಕ್ಕೆ 2011ರಲ್ಲಿ ಪ್ರಕಟವಾದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಅಧ್ಯಯನ ಗಟ್ಟಿಯಾದ ಉತ್ತರ: 75 ಮಹಿಳೆಯರಲ್ಲಿ ಕೆಲವರಿಗೆ ಈ ತರಬೇತಿ, ಉಳಿದವರಿಗೆ ಬೆಂಬಲ ಗುಂಪು, ಮೂರು ತಿಂಗಳ ನಂತರ ರೋಗದ ತೀವ್ರತೆ ಮೊದಲಿನವರಲ್ಲಿ ಸುಮಾರು ಶೇ 38, ಉಳಿದವರಲ್ಲಿ ಶೇ 12 ಇಳಿದಿತ್ತು. ಗಂಡಸರಿಗೂ ಇಷ್ಟೇ ಫಲವೆಂದು ಇದರಿಂದ ಹೇಳಲಾಗದು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಮೊದಲು ವೈದ್ಯರನ್ನು ಕಾಣಬೇಕು.