ಸುಳ್ಳು ಪಾಸಿಟಿವ್ (ಭಾಗ 4)

ಮನೇಲಿ ಯಾರಾದ್ರೂ ಬಸುರಿ ಇದ್ದಾಗಿನ ರಕ್ತಪರೀಕ್ಷೆ ಚೀಟಿ ಸಿಕ್ಕರೆ ತೆಗೆದು ನೋಡಿ. ವಿಡಿಆರ್‌ಎಲ್ ಅಂತ ಒಂದು ಸಾಲು ಇರಬಹುದು. ಅದು ಸಿಫಿಲಿಸ್ ಎಂಬ ಲೈಂಗಿಕ ರೋಗದ ಪರೀಕ್ಷೆ. ಇವತ್ತಿನ ಕಥೆ ಅದರ ಅಜ್ಜನದು.

1906ರಲ್ಲಿ ಜರ್ಮನಿಯ ಆಗಸ್ಟ್ ವಾಸರ್ಮನ್ ಮತ್ತು ಜೊತೆಗಾರರು ಸಿಫಿಲಿಸ್‌ಗೆ ರಕ್ತಪರೀಕ್ಷೆ ಕಂಡುಹಿಡಿದ್ರು. ಅದಕ್ಕೆ ಬಳಸಿದ್ದು ಆ ರೋಗದಿಂದ ಸತ್ತ ಹಸುಗೂಸುಗಳ ಲಿವರ್‌ನ ಸಾರ. (ಇದನ್ನ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.) ಆಮೇಲೆ ನೋಡಿದ್ರೆ, ರೋಗವೇ ಇಲ್ಲದ ದನದ ಹೃದಯದ ಸಾರ ಹಾಕಿದ್ರೂ ಅದೇ ಉತ್ತರ! ಅಂದ್ರೆ ಪರೀಕ್ಷೆ ಹಿಡೀತಿದ್ದದ್ದು ರೋಗಾಣುವನ್ನಲ್ಲ, ಒಂದು ಥರದ ಕೊಬ್ಬಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನ. 1941ರಲ್ಲಿ ಅಮೆರಿಕದ ಮೇರಿ ಪ್ಯಾಂಗ್‌ಬಾರ್ನ್ ಆ ಕೊಬ್ಬನ್ನ ಬೇರ್ಪಡಿಸಿದ್ರು. ಹೆಸರು ಕಾರ್ಡಿಯೋಲಿಪಿನ್.

ಅಷ್ಟರಲ್ಲಿ ಅಮೆರಿಕದ ಹಲವು ರಾಜ್ಯಗಳು ಮದುವೆಗೆ ಮುಂಚೆ, ಬಸಿರಾದಾಗ ಈ ಥರದ ಪರೀಕ್ಷೆ ಕಡ್ಡಾಯ ಮಾಡಿದ್ದವು. ಸಿಫಿಲಿಸ್ ಇಲ್ಲದವರಿಗೂ ಪಾಸಿಟಿವ್ ಬರೋಕೆ ಶುರುವಾಯ್ತು. ಈಗ ಒಬ್ಬ ಹೆಂಗಸನ್ನ ಊಹಿಸಿಕೊಳ್ಳಿ. ಎರಡು ಮೂರು ಸಲ ಬಸಿರು ಹೋಗಿದೆ. ಸಿಫಿಲಿಸ್‌ನಿಂದಲೂ ಮಗು ಹೊಟ್ಟೆಯಲ್ಲೇ ಸಾಯುತ್ತೆ ಅಂತ ಡಾಕ್ಟರಿಗೆ ಗೊತ್ತು. ಕೈಯಲ್ಲಿ ಪಾಸಿಟಿವ್ ಚೀಟಿ. ಅವಳು ಏನು ಹೇಳಿದ್ರೆ ಯಾರು ನಂಬ್ತಾರೆ? ನಾವು ಬಿಕಾಂನವರಿಗೆ ಮೊದಲ ವರ್ಷವೇ ಹೇಳಿಕೊಡ್ತಾರೆ, ಎಂಟ್ರಿ ತಪ್ಪು ಖಾತೆಗೆ ಬಿದ್ದರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ ಅಂತ.

1950ರ ದಶಕದಲ್ಲಿ ಜೋಸೆಫ್ ಅರ್ಲ್ ಮೂರ್ ಮತ್ತು ಸಂಗಡಿಗರು ಇಂಥ 'ಸುಳ್ಳು ಪಾಸಿಟಿವ್' ಜನರ ಬೆನ್ನು ಹತ್ತಿದ್ರು. ಹಲವರಲ್ಲಿ ಲೂಪಸ್ ಕಾಣಿಸ್ತು, ಅಂದ್ರೆ ದೇಹ ತನ್ನ ಮೇಲೆ ತಾನೇ ದಾಳಿ ಮಾಡೋ ಕಾಯಿಲೆ. 1952ರಲ್ಲಿ ಕಾನ್ಲಿ, ಹಾರ್ಟ್‌ಮನ್ ಇನ್ನೊಂದು ವಿಚಿತ್ರ ಬರೆದ್ರು: ಕೆಲವು ಲೂಪಸ್ ರೋಗಿಗಳ ರಕ್ತ ಟೆಸ್ಟ್‌ಟ್ಯೂಬ್‌ನಲ್ಲಿ ಬೇಗ ಹೆಪ್ಪುಗಟ್ಟಲ್ಲ. ತಮಾಷೆ ಏನಂದ್ರೆ ಅಂಥವರ ದೇಹದ ಒಳಗೆ ಆಗೋದು ಉಲ್ಟಾ, ರಕ್ತ ಬೇಡದ ಕಡೆ ಗಟ್ಟಿಯಾಗುತ್ತೆ.

ಈ ಚೂರುಗಳನ್ನೆಲ್ಲ ಜೋಡಿಸೋಕೆ 1983 ಆಗಬೇಕಾಯ್ತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಗ್ರಹಾಂ ಹ್ಯೂಸ್ ತಂಡ, ರಕ್ತ ಹೆಪ್ಪುಗಟ್ಟೋದು, ಪದೇ ಪದೇ ಗರ್ಭಪಾತ, ಈ ಪ್ರತಿಕಾಯ ಮೂರೂ ಒಂದೇ ಕಾಯಿಲೆ ಅಂತ ಗುರುತಿಸಿ, ಕಾರ್ಡಿಯೋಲಿಪಿನ್ ಪ್ರತಿಕಾಯಕ್ಕೇ ಸೂಕ್ಷ್ಮವಾದ ಪರೀಕ್ಷೆ ಮಾಡ್ತು. ಈಗಿನ ಹೆಸರು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಪ್ರತಿಕಾಯಗಳು ಮಾಸಿಗೇ ಪೆಟ್ಟು ಕೊಡ್ತವೆ. ಅವಳ ಚೀಟಿಯ ಪಾಸಿಟಿವ್ ನಿಜವೇ ಆಗಿತ್ತು, ಓದಿದವರು ತಪ್ಪು ಓದಿದ್ರು.

1997ರಲ್ಲಿ ಲಂಡನ್ನಿನದೇ ಇನ್ನೊಂದು ತಂಡ ಇಂಥ 90 ಮಹಿಳೆಯರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯ್ತು. ಬರೀ ಆಸ್ಪಿರಿನ್ ತಗೊಂಡ 45 ಜನರಲ್ಲಿ 19 ಮಂದಿಗೆ ಜೀವಂತ ಮಗು. ಜೊತೆಗೆ ಹೆಪಾರಿನ್ ಇಂಜೆಕ್ಷನ್ನೂ ತಗೊಂಡ 45 ಜನರಲ್ಲಿ 32.

ಎಲ್ಲ ಗರ್ಭಪಾತಕ್ಕೂ ಇದೇ ಕಾರಣ ಅಲ್ಲ. ಒಂದು ಸಲ ಪಾಸಿಟಿವ್ ಬಂದ್ರೂ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ನೋಡ್ತಾರೆ. ಆದ್ರೆ ಕೇಳೋಕಾದ್ರೂ ಗೊತ್ತಿರಬೇಕಲ್ಲ. ನಮ್ಮ ದೊಡ್ಡಮ್ಮನಿಗೆ ಮೂರು ಸಲ ಹೋಯ್ತು. ಸರ್ಪದೋಷ ಅಂತ ಪೂಜೆ ಮಾಡಿಸಿದ್ರು, ಈ ಟೆಸ್ಟ್ ಯಾರೂ ಬರೆದುಕೊಡಲಿಲ್ಲ.

ಮುಂದಿನ ಭಾಗ: 17 ಸಲ ಬಸುರಿಯಾಗಿಯೂ ವಾರಸುದಾರರಿಲ್ಲದೆ 1714ರಲ್ಲಿ ತೀರಿಕೊಂಡ ಇಂಗ್ಲೆಂಡಿನ ರಾಣಿ ಆನ್.